ಅಮ್ಮನಿಗೆ ಸೈನಿಕ ನಾಯಕನ ಸೌಮ್ಯ ಸಸ್ಪೆನ್ಸ್ ಕಾದಂಬರಿ: ಆರಿಸೋದು ಹೇಗೆ?

ಕೇಳಿದ್ದು: ಅಮ್ಮ ಟೆಕ್ಸಾಸ್‌ನಲ್ಲಿ ನಮ್ಮ ಜೊತೆ ಆರು ತಿಂಗಳು ಇರ್ತಾರೆ. ವಯಸ್ಸು 68, ಮಡಿಕೇರಿ ಕಡೆಯವರು, ಮನೆತುಂಬ ಮಿಲಿಟರಿಯವರನ್ನು ನೋಡಿಯೇ ಬೆಳೆದವರು. ಲೈಬ್ರರಿಯಿಂದ ಸೈನಿಕ ನಾಯಕನಿರುವ ಒಂದು ರೊಮ್ಯಾಂಟಿಕ್ ಸಸ್ಪೆನ್ಸ್ (ಪ್ರೇಮ, ಅಪಾಯ ಎರಡೂ ಬೆರೆತ ಕಾದಂಬರಿ) ತಂದುಕೊಟ್ಟೆ, ಎರಡೇ ದಿನಕ್ಕೆ ಮುಗಿಸಿದರು. ಇನ್ನೊಂದನ್ನು ಮುಜುಗರದ ದೃಶ್ಯ, ರಕ್ತ ಅಂತ ಅರ್ಧಕ್ಕೇ ಮುಚ್ಚಿಟ್ಟರು. ಮಿಲಿಟರಿ ವಿವರ ತಪ್ಪಿದ್ದರೂ ಬಿಡೋಲ್ಲ. ಸೌಮ್ಯವಾದವನ್ನು ಗುರುತಿಸೋದು ಹೇಗೆ? ಇವುಗಳಲ್ಲಿ ಅಷ್ಟು ಹಿಡಿಸುವಂಥದ್ದು ಏನು?

ಉತ್ತರ 1
ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಹಾರ್ಲೆಕ್ವಿನ್ ಪ್ರಕಾಶನದ್ದೇ ಎರಡು ಮಾಲೆಗಳಿವೆ: ‘ಲವ್ ಇನ್‌ಸ್ಪೈರ್ಡ್ ಸಸ್ಪೆನ್ಸ್’ ಮತ್ತು ‘ಹಾರ್ಲೆಕ್ವಿನ್ ರೊಮ್ಯಾಂಟಿಕ್ ಸಸ್ಪೆನ್ಸ್’. ಎರಡರಲ್ಲೂ ಸೈನಿಕ ನಾಯಕರು ಬೇಕಾದಷ್ಟು. ಮೊದಲನೆಯದರಲ್ಲಿ ಮುತ್ತಿನಾಚೆ ಏನೂ ನಡೆಯೋಲ್ಲ, ಬೈಗುಳವೂ ಇಲ್ಲ. ಎರಡನೆಯದರಲ್ಲಿ ಮಲಗುವ ಕೋಣೆಯ ದೃಶ್ಯಗಳು ಬರುತ್ತವೆ. ಹೆಸರು ಹತ್ತಿರಹತ್ತಿರ ಇರೋದರಿಂದ ಕೈತಪ್ಪಿ ಬರೋದು ಸುಲಭ. ಒಂದು ಮಾತು ಅಮ್ಮನಿಗೆ ಮೊದಲೇ ಹೇಳಿಡಿ: ಲವ್ ಇನ್‌ಸ್ಪೈರ್ಡ್ ಕ್ರೈಸ್ತ ನಂಬಿಕೆಯ ಮಾಲೆ, ಪಾತ್ರಗಳು ಕಷ್ಟದಲ್ಲಿ ಪ್ರಾರ್ಥನೆ ಮಾಡುತ್ತವೆ, ದೇವರ ಮೇಲಿನ ಮುನಿಸೂ ಕತೆಯ ಎಳೆಯಾಗಿರುತ್ತೆ. ಒಂದೊಂದು ಸುಮಾರು 55,000 ಪದ, 220 ಪುಟದ ಆಸುಪಾಸು. ದೊಡ್ಡ ಅಕ್ಷರದ ಆವೃತ್ತಿಯೂ ಇದೆ, ‘ಲಾರ್ಜ್ ಪ್ರಿಂಟ್’ ಅಂತ ಕೇಳಿ.

ಬೇರೆ ಪ್ರಕಾಶನದ್ದಾದರೆ ಬೆನ್ನುಡಿಯಲ್ಲಿ ‘ಕ್ಲೀನ್’, ‘ಸ್ವೀಟ್’, ‘ಕ್ಲೋಸ್ಡ್ ಡೋರ್’ (ಮಂಚದ ದೃಶ್ಯ ತೋರಿಸದ್ದು) ಪದಗಳನ್ನು ಹುಡುಕಿ. ‘ಸ್ಟೀಮಿ’, ಅಂದರೆ ಅಂಥ ದೃಶ್ಯ ಬಿಚ್ಚಿ ಬರೆದದ್ದು, ಅಂತ ಕಂಡರೆ ಅಲ್ಲೇ ಇಟ್ಟುಬಿಡಿ. ಆದರೆ ‘ಕ್ಲೀನ್’ ಅನ್ನೋದು ಮುಖ್ಯವಾಗಿ ಮಲಗುವ ಕೋಣೆಗೆ ಸಂಬಂಧಿಸಿದ ಮಾತು, ರಕ್ತದ ಬಗ್ಗೆ ಅದು ಏನನ್ನೂ ಹೇಳೋಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಮೊದಲ ಪುಟಗಳೇ ಕೊಲೆಗಾರನ ಕಣ್ಣಿಂದ, ಓರೆ ಅಕ್ಷರದಲ್ಲಿ ಶುರುವಾದರೆ ಮುಂದೆ ಕ್ರೌರ್ಯದ ವಿವರ ಹೆಚ್ಚಿರೋ ಸಂಭವ ಜಾಸ್ತಿ. ಆಮೇಲೆ ಮೂರರಲ್ಲಿ ಎರಡು ಪಾಲು ದಾಟಿದ ಜಾಗ ತೆರೆಯಿರಿ, 220 ಪುಟದ್ದಾದರೆ 150ರ ಹತ್ತಿರ. ಪ್ರೇಮ, ಅಪಾಯ ಎರಡೂ ಏರೋದು ಅಲ್ಲೇ, ಹತ್ತು ಪುಟ ಕಣ್ಣಾಡಿಸಿದರೆ ಲೇಖಕರ ಮಿತಿ ಎಷ್ಟು ಅಂತ ತಿಳಿಯುತ್ತೆ. ಲೈಬ್ರರಿಯ ಇ-ಪುಸ್ತಕ ಓದುವ ಲಿಬ್ಬಿ ಆಪ್‌ನ ಮಾದರಿ ಪುಟಗಳು ಬರೀ ಆರಂಭದವು, ಈ ಪರೀಕ್ಷೆಗೆ ಸಾಲವು.

ಉತ್ತರ 2
ಹಿಡಿಸೋದು ಏನು ಅಂತ ಕೇಳಿದ್ದೀರಿ. ನನಗೆ ತೋಚುವಂತೆ, ಸೈನಿಕನ ತರಬೇತಿ ಇಲ್ಲಿ ಕಾಳಜಿಯ ಭಾಷೆಯಾಗುತ್ತೆ. ಅವನು ಮಾತಲ್ಲಿ ಏನೂ ಹೇಳೋಲ್ಲ. ಕಿಟಕಿಯ ಚಿಲಕ ಒತ್ತಿ ನೋಡುತ್ತಾನೆ. ಕಾರಿಗೆ ನಾಯಕಿ ಹತ್ತೋ ಮುಂಚೆ ಬಗ್ಗಿ ಅಡಿಭಾಗ ನೋಡುತ್ತಾನೆ. ಹೋಟೆಲಿಗೆ ಹೋದರೆ ಬಾಗಿಲು ಕಾಣುವ ಕುರ್ಚಿ ಅವನದೇ. ಮೂರನೇ ಅಧ್ಯಾಯದಲ್ಲಿ ಇದೆಲ್ಲ ಬರೀ ಅಭ್ಯಾಸ. ಇಪ್ಪತ್ತನೆಯದಕ್ಕೆ ಬರುವಾಗ ಆ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾನೆ. ಕಾವಲನ್ನು ಅವಳ ಕಣ್ಣಿಗೆ ಒಪ್ಪಿಸಿದ್ದಾನೆ. ‘ನಿನ್ನನ್ನು ಪ್ರೀತಿಸ್ತೀನಿ’ ಅನ್ನೋದಕ್ಕಿಂತ ಆ ಒಂದು ಸಾಲು ಗಟ್ಟಿ. ಮಂಚದ ದೃಶ್ಯ ಇಲ್ಲದಿರೋದು ಇಲ್ಲಿ ಕೊರತೆಯೇ ಅಲ್ಲ. ಅದಿಲ್ಲದ್ದರಿಂದಲೇ ಇಂಥ ಚಿಕ್ಕ ವಿವರಕ್ಕೆ ಅಷ್ಟು ತೂಕ.

ಸಸ್ಪೆನ್ಸೂ ಅದೇ ನಂಬಿಕೆಯ ಮೇಲೇ ನಿಂತಿದೆ: ಯಾರನ್ನು ನಂಬೋದು? ಹಾಗಾಗಿ ಖಳ ಯಾರು ಅಂತ ತಿಳಿಯೋದೂ ನಾಯಕ ನಂಬಿಕಸ್ಥ ಅಂತ ಅವಳಿಗೆ ಖಚಿತವಾಗೋದೂ ಹತ್ತಿರಹತ್ತಿರ ಆಗಬೇಕು. ಮಧ್ಯದಲ್ಲಿ ಅರವತ್ತು ಪುಟ ಅಪಾಯವೇ ಇಲ್ಲದೆ ಬರೀ ಸಲ್ಲಾಪ ನಡೆದರೆ ಕಟ್ಟು ಸಡಿಲವಾಯ್ತು ಅಂತಲೇ ಅರ್ಥ. ಹಿಂದೆಲ್ಲೂ ಕಾಣದವನು ಕೊನೆಗೆ ಖಳನಾಗಿ ಬಂದರೆ ಅದು ಓದುಗರಿಗೆ ಮಾಡಿದ ಮೋಸ.

ಈ ಬಗೆ ಹೆಚ್ಚಾಗಿ ಕೆಡೋದು ಕಾವಲು ಯಜಮಾನಿಕೆಯಾದಾಗ. ಅವಳ ಫೋನು ಕಿತ್ತುಕೊಂಡು ‘ಹೇಳಿದಷ್ಟು ಮಾಡು’ ಅನ್ನುವವನನ್ನು ಲೇಖಕರೇ ಮೆಚ್ಚಿ ಬರೆದಿದ್ದರೆ ಆ ಪುಸ್ತಕ ಬೇಡ. ಫೋನಿನಿಂದ ಇರುವ ಜಾಗ ಪತ್ತೆಯಾಗುತ್ತೆ ಅಂತ ಅವನು ಹೇಳಬೇಕು, ಆಫ್ ಮಾಡೋದು ಅವಳ ಕೈಯಲ್ಲಿರಬೇಕು. ಸುಳಿವು ಬಿಡಿಸೋ ಕೆಲಸದಲ್ಲಿ ಅರ್ಧವಾದರೂ ಅವಳ ಪಾಲಿರಲಿ. ನರ್ಸ್ ಆದರೆ ಔಷಧಿಯ ಡೋಸ್, ಅಕೌಂಟೆಂಟ್ ಆದರೆ ಲೆಕ್ಕದ ಎಡವಟ್ಟು ಅವಳ ಕಣ್ಣಿಗೇ ಬೀಳಲಿ.

ಉತ್ತರ 3
ಅಮ್ಮ ಕೊಡಗಿನವರಾದ್ದರಿಂದ ವಿವರದ ಬಗ್ಗೆ ಸ್ವಲ್ಪ. ಅಮೆರಿಕದ ಮೆರೀನ್‌ನನ್ನು (ಮೆರೀನ್ ಕೋರ್ ಅನ್ನೋ ಬೇರೆಯೇ ಪಡೆಯವನನ್ನು) ‘ಸೋಲ್ಜರ್’ ಅಂತ ಕರೆದಿದ್ದರೆ ತಪ್ಪು, ಆ ಪದ ಭೂಸೇನೆಯವರಿಗೆ ಮಾತ್ರ. ಭೂಸೇನೆಯ ಸಾರ್ಜೆಂಟ್‌ಗೆ ‘ಸರ್’ ಅನ್ನೋಲ್ಲ, ‘ಸಾರ್ಜೆಂಟ್’ ಅಂತಲೇ ಕರೀತಾರೆ. ಭೂಸೇನೆಯ ಕ್ಯಾಪ್ಟನ್ ಚಿಕ್ಕ ವಯಸ್ಸಿನವ, ನೌಕಾಪಡೆಯ ಕ್ಯಾಪ್ಟನ್ ಕರ್ನಲ್‌ಗೆ ಸಮ. ನಮ್ಮಲ್ಲೂ ಹಾಗೇ, ಅಮ್ಮನಿಗೆ ಗೊತ್ತಿರುತ್ತೆ. ನಮ್ಮ ಸುಬೇದಾರರಂಥ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ವರ್ಗ ಅಲ್ಲಿಲ್ಲ. ಅಲ್ಲಿನ ವಾರೆಂಟ್ ಆಫೀಸರ್ ತಾಂತ್ರಿಕ ಪರಿಣತ, ಭೂಸೇನೆಯ ಹೆಲಿಕಾಪ್ಟರ್ ಓಡಿಸೋರಲ್ಲಿ ತುಂಬ ಜನ ಅವರೇ. ಅಂಥ ಪೈಲಟ್ ಕಂಡರೆ ತಪ್ಪು ಅಂದ್ಕೋಬೇಡಿ.

ಹೆಚ್ಚು ಎಡವೋದು ‘ನಿವೃತ್ತ’ ಅನ್ನೋ ಪದದಲ್ಲಿ. ಅಲ್ಲಿ ಸಾಮಾನ್ಯವಾಗಿ 20 ವರ್ಷ ಸೇವೆಗೆ ನಿವೃತ್ತಿ. 31ರ ನಾಯಕ ‘ರಿಟೈರ್ಡ್’ ಅಂತಿದ್ದರೆ ಗಾಯದಿಂದಲೋ ಕಾಯಿಲೆಯಿಂದಲೋ ಆದ ವೈದ್ಯಕೀಯ ನಿವೃತ್ತಿಯೇ ಇರಬೇಕು. ಇಲ್ಲದಿದ್ದರೆ ಸೇವೆಯ ಅವಧಿ ಮುಗಿಸಿ ಹೊರಬಂದವ, ಅಷ್ಟೇ.

ಟೆಕ್ಸಾಸ್‌ನಲ್ಲೇ ಇದ್ದೀರಿ, ಸೇನೆಯ ನಾಯಿಗಳಿರುವ ಕತೆ ಒಂದಾದರೂ ತನ್ನಿ. ಆ ನಾಯಿಗಳ ತರಬೇತಿ ನಿಮ್ಮ ಸ್ಯಾನ್ ಆಂಟೋನಿಯೋದ ಲ್ಯಾಕ್‌ಲ್ಯಾಂಡ್ ನೆಲೆಯಲ್ಲೇ. ಬಾಂಬ್ ಪತ್ತೆ ಮಾಡುವ ನಾಯಿ ವಾಸನೆ ಸಿಕ್ಕಿದಾಗ ಸುಮ್ಮನೆ ಕೂರುತ್ತೆ ಅಥವಾ ನಿಂತುಬಿಡುತ್ತೆ. ಕೆರೆದು ಬೊಗಳಿದರೆ ಲೇಖಕರಿಗೆ ವಿಷಯ ಗೊತ್ತಿಲ್ಲ ಅಂತ ಲೆಕ್ಕ.

ಉತ್ತರ 4
ಉತ್ತರ 2ಕ್ಕೆ ಒಂದು ಸೇರಿಸ್ತೀನಿ. ಯುದ್ಧದ ಆಘಾತ, ಅಂದರೆ ಪಿಟಿಎಸ್‌ಡಿ, ಈ ನಾಯಕರಲ್ಲಿ ತುಂಬ ಸಾಮಾನ್ಯ. ಒಂದು ಮುತ್ತಿಗೇ ಅದು ವಾಸಿಯಾದರೆ ದಯವಿಟ್ಟು ನಂಬಬೇಡಿ. ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್’ (ಆಘಾತದ ನೆನಪನ್ನು ಮೆಲ್ಲಮೆಲ್ಲಗೆ ಎದುರಿಸೋದು) ಅನ್ನೋ ಚಿಕಿತ್ಸೆಗೇ ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 15 ಭೇಟಿ ಬೇಕಾಗುತ್ತೆ. ಒಳ್ಳೆಯ ಲೇಖಕರು ಕೊನೆಯ ಪುಟದಲ್ಲೂ ಅವನನ್ನು ನಿದ್ದೆಯಿಂದ ಬೆಚ್ಚಿ ಏಳಿಸುತ್ತಾರೆ. ವ್ಯತ್ಯಾಸ ಇಷ್ಟೇ, ದೀಪ ಹಚ್ಚೋಕೆ ಈಗ ಇನ್ನೊಬ್ಬರಿದ್ದಾರೆ.

ಸರಣಿಯಾದರೆ ಒಂದನೇ ಪುಸ್ತಕದಿಂದಲೇ ಕೊಡಿ. ಒಂದೇ ತುಕಡಿಯ ಗೆಳೆಯರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾದಂಬರಿ ಇರುತ್ತೆ, ನಾಲ್ಕನೆಯದು ಮೊದಲು ಓದಿದರೆ ಹಿಂದಿನ ಮೂವರ ಮದುವೆಯೂ ಬಯಲು. ಬೇರೆಬೇರೆ ಲೇಖಕರು ಸೇರಿ ಬರೆಯುವ ಸರಣಿಗಳಲ್ಲಿ ಪ್ರತಿ ಜೋಡಿಯ ಕತೆ ಅದದರಲ್ಲೇ ಮುಗಿದರೂ ದೊಡ್ಡ ಖಳ ಸಿಕ್ಕೋದು ಕೊನೆಯದರಲ್ಲಿ. ಹಾಗಾಗಿ ಎಲ್ಲ ಸಂಪುಟಗಳೂ ಲೈಬ್ರರಿಯಲ್ಲಿವೆಯಾ ನೋಡಿ, ಒಟ್ಟಿಗೇ ಹೋಲ್ಡ್ ಹಾಕಿಟ್ಟು (ಕಾದಿರಿಸಿ) ಆಮೇಲೆ ಮೊದಲನೆಯದನ್ನು ಅಮ್ಮನ ಕೈಗೆ ಕೊಡಿ.