ಪದ ಬೇಕು, ಇವತ್ತೇ: ‘ಫ್ಯುಯಲ್ ಕಂಟಾಮಿನೇಶನ್’

ವಾಶಿಯಿಂದ:

ಗೆಳೆಯರೇ, ಸ್ವಲ್ಪ ಅರ್ಜೆಂಟ್. ಇಲ್ಲಿ ನವಿ ಮುಂಬೈಯ ಎಪಿಎಂಸಿ ಮಾರ್ಕೆಟ್ ಹತ್ತಿರದ ಒಂದು ಗ್ಯಾರೇಜಿಗೆ ಬೋರ್ಡ್ ಬರೆದುಕೊಡಬೇಕು. ಅಲ್ಲಿ ಹಳೆ ಪಿಕಪ್ ಗಾಡಿಗಳ ಕೆಲಸವೇ ಜಾಸ್ತಿ. ಬರುವ ಡ್ರೈವರುಗಳಲ್ಲಿ ವಿಜಯಪುರ, ಕಲಬುರಗಿ, ಜತ್ತ ಕಡೆಯವರು ಸಾಕಷ್ಟು ಮಂದಿ. ಮರಾಠಿ, ಹಿಂದಿ ಜೊತೆ ಕನ್ನಡವೂ ಇರಲಿ ಅಂತ ಮಾಲೀಕರೇ ಕೇಳಿದರು.

ವಿಷಯ ಇಷ್ಟು: ಡೀಸೆಲ್ ಕೆಟ್ಟು ಗಾಡಿ ನಿಂತರೆ ಮೊದಲು ಏನು ನೋಡಬೇಕು. ಇಂಗ್ಲಿಷ್ ತಲೆಬರಹ ‘ಫ್ಯುಯಲ್ ಕಂಟಾಮಿನೇಶನ್’. ಮರಾಠಿಯವರು ‘ಇಂಧನಾತ ಭೇಸಳ’ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ನಾನು ‘ಕಲುಷಿತ ಇಂಧನ’ ಅಂತ ಬರೆದು ಅಲ್ಲೇ ಚಹಾ ಕುಡಿಯುತ್ತಿದ್ದ ಡ್ರೈವರೊಬ್ಬರಿಗೆ ತೋರಿಸಿದೆ. “ಇದು ಹೊಗಿ ತಪಾಸಣಿ ಬೋರ್ಡೇನ್ರೀ ಸರ?” ಅಂದರು.

‘ಏರ್ ಬ್ಲೀಡಿಂಗ್’ (ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿ ಹೊರಹಾಕುವುದು), ‘ಡ್ರೇನ್ ಪ್ಲಗ್’ (ಫಿಲ್ಟರ್ ತಳದಲ್ಲಿ ನೀರು ಹೊರಬಿಡುವ ಬಿರಡೆ) ಇವಕ್ಕೂ ಪದ ಬೇಕು. ಸಂಜೆ ಪೇಂಟರ್ ಬರುತ್ತಾನೆ.

ಮಾಟುಂಗಾದಿಂದ:

‘ಕಲುಷಿತ ಇಂಧನ’ ಸರಿಯಾಗಿಯೇ ಇದೆ. ಡ್ರೈವರಿಗೆ ಗೊತ್ತಿಲ್ಲದಿದ್ದರೆ ಕಲಿಯಲಿ. ಇದರಲ್ಲಿ ಚರ್ಚೆಗೇನಿದೆ?

ಡೊಂಬಿವಲಿಯಿಂದ:

ಎರಡು ಪದದಲ್ಲಿ ಒಂದೂ ಕನ್ನಡದ್ದಲ್ಲ. ‘ಕಲಬೆರಕೆ ಉರುವಲು’ ಅನ್ನಿ, ಮುಗೀತು. ‘ಇಂದನ’ಕ್ಕೆ ಮಹಾಪ್ರಾಣ ಹಾಕಿ ಬರೆದರೂ ಓದುವಾಗ ಯಾರೂ ಆ ಉಸಿರು ಬಿಡುವುದಿಲ್ಲ. ನಾನಂತೂ ಹಾಕುವುದಿಲ್ಲ.

ಮಾಟುಂಗಾದಿಂದ:

ಉರುವಲು ಅಂದರೆ ಸೌದೆ. ಟ್ಯಾಂಕಿಗೆ ಸೌದೆ ತುಂಬುತ್ತೀರಾ?

ಡೊಂಬಿವಲಿಯಿಂದ:

ನಿಮ್ಮ ಸಂಸ್ಕ್ರುತ ನಿಗಂಟನ್ನೇ ತೆರೆದು ನೋಡಿ. ‘ಇಂದನ’ಕ್ಕೂ ಅಲ್ಲಿ ಸೌದೆ ಅನ್ನುವ ಅರ್ತ ಇದೆ, ಹೊತ್ತಿಸು ಅನ್ನುವ ದಾತುವಿನಿಂದ ಬಂದದ್ದು. ನಿಮ್ಮ ಸೌದೆ ಡೀಸೆಲ್ ಆಗಬಹುದು, ನಮ್ಮ ಸೌದೆ ಆಗಬಾರದು. ಇದ್ಯಾವ ನ್ಯಾಯ?

ಪುಣೆ, ಕೋಥ್ರೂಡ್‌ನಿಂದ:

ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ‘ಕಲುಷ’ ಸಂಸ್ಕೃತದಲ್ಲಿದೆ ಅಂದ ಮಾತ್ರಕ್ಕೆ ಹೊರಗಿನದಾಗುವುದಿಲ್ಲ. ನಮ್ಮ ಕಲಕು, ಹಳಗನ್ನಡದ ಕಲಂಕು, ತಮಿಳಿನ ಕಲಂಗು, ಇವೆಲ್ಲ ಕದಡುವುದನ್ನೇ ಹೇಳುತ್ತವೆ. ಈ ಗುಂಪಿನಿಂದಲೇ ‘ಕಲುಷ’ ಅತ್ತ ಹೋಯಿತು ಅನ್ನುವ ವಾದ ಇವತ್ತಿನದಲ್ಲ. ಅಂದಮೇಲೆ ‘ಕಲುಷಿತ’ ಬರೆದವರು ಸಾಲ ತಂದಿಲ್ಲ, ಕೊಟ್ಟ ಸಾಲ ವಸೂಲಿ ಮಾಡಿದ್ದಾರೆ. ಮರಾಠಿಯ ‘ಭೇಸಳ’ ಕೂಡ ನಮ್ಮ ‘ಬೆಸೆ’ಯಿಂದಲೇ ಬಂದಿರಬೇಕು.

ಠಾಣೆಯಿಂದ:

‘ಬಂದಿರಬೇಕು’ ಅನ್ನುವುದು ಆಧಾರ ಅಲ್ಲ.

ಭೋಸರಿಯಿಂದ:

ಪಿಕಪ್ಪು, ಟ್ರಕ್ಕುಗಳ ಡೀಸೆಲ್ ಪಂಪ್ ಬಿಚ್ಚಿ ಜೋಡಿಸುವ ಕೆಲಸ ನನ್ನದು. ಇಲ್ಲಿ ಬರೆಯುವುದು ಕಡಿಮೆ, ಇವತ್ತು ಬರೆಯಲೇಬೇಕು ಅನ್ನಿಸಿತು.

ಮೊದಲು ‘ಕಲಬೆರಕೆ’ ತೆಗೆಯಿರಿ. ಹಾಲಿಗೆ ನೀರು, ಖಾರದಪುಡಿಗೆ ಇಟ್ಟಿಗೆಪುಡಿ, ಅದು ಕಲಬೆರಕೆ. ಯಾರೋ ಬೇಕಂತಲೇ ಮಾಡಿದ್ದು. ಗ್ಯಾರೇಜಿನ ಗೋಡೆ ಮೇಲೆ ಆ ಪದ ಬರೆದರೆ ಡ್ರೈವರ್ ನೆಟ್ಟಗೆ ಡೀಸೆಲ್ ಹಾಕಿಸಿದ ಕಡೆ ಹೋಗಿ ಜಗಳ ತೆಗೆಯುತ್ತಾನೆ. ಎಷ್ಟೋ ಸಲ ತಪ್ಪು ಅವರದ್ದಾಗಿರುವುದೇ ಇಲ್ಲ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ರಾತ್ರಿ ಗಾಡಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ತಗಡಿಗೆ ಹತ್ತಿ ನೀರಾಗಿ ಇಳಿಯುತ್ತದೆ. ಹಳೆ ಗಾಡಿಯಲ್ಲಿ ಟ್ಯಾಂಕ್ ಮುಚ್ಚಳದ ರಬ್ಬರ್ ಹೋಗಿರುತ್ತದೆ, ಅಲ್ಲಿಂದಲೂ ಮಳೆನೀರು ಒಳಗೆ. ಇದಕ್ಕೆ ಯಾರನ್ನು ಬೈಯುವುದು?

ಇನ್ನೊಂದು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತದೆ. ಅದು ಸರ್ಕಾರವೇ ಸೇರಿಸಲು ಹೇಳಿದ್ದು. ಅದನ್ನೂ ಕಲಬೆರಕೆ ಅನ್ನೋಣವೇ? ಹಾಗೇ ಬಾಟಲಿಗೆ ಹಿಡಿದು ನೀರು ನೋಡುವ ವಿಧಾನ (ಕೆಳಗೆ ಹೇಳುತ್ತೇನೆ) ಪೆಟ್ರೋಲ್ ಗಾಡಿಗೆ ಬೇಡ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಸ್ವಲ್ಪ ನೀರಿದ್ದರೆ ಕಣ್ಣಿಗೇ ಕಾಣುವುದಿಲ್ಲ. ಮೇಲೆ ‘ಡೀಸೆಲ್’ ಅಂತಲೇ ಬರೆಯಿರಿ, ‘ಇಂಧನ’ವೂ ಬೇಡ, ‘ಉರುವಲು’ ಮೊದಲೇ ಬೇಡ.

ಇನ್ನು ಅಸಲು ವಿಷಯ. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಚ್ಚಿಟ್ಟಿರುವುದು ಬೇರೆಬೇರೆ ಕಾಯಿಲೆಗಳನ್ನು. ನೀರು ಬೇರೆ, ತುಕ್ಕು ಬೇರೆ, ಲೋಳೆ ಬೇರೆ. ಫಿಲ್ಟರ್ ತಳದ ಪ್ಲಗ್ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಹಿಡಿದು ಸುಮ್ನೆ ಇಡಿ. ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ನೀರು 1000. ಹಾಗಾಗಿ ನೀರು ಅಡಿಯಲ್ಲಿ ನಿಲ್ಲುತ್ತದೆ, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಯಲ್ಲೇ ಕಪ್ಪು ಲೋಳೆ ಇದ್ದರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಅಂತ. ನೀರಿನಲ್ಲಿ ಬದುಕಿ ಡೀಸೆಲ್ ತಿನ್ನುತ್ತವೆ, ಅದಕ್ಕೇ ಎರಡರ ಗಡಿಯಲ್ಲೇ ವಾಸ. ನಮ್ಮ ಹುಡುಗರು ಅದಕ್ಕೆ ‘ಪಾಚಿ’ ಅನ್ನುತ್ತಾರೆ. ಶಾಸ್ತ್ರದ ಪ್ರಕಾರ ಪಾಚಿ ಅಲ್ಲ, ಆದರೆ ಹೇಳಿದ ಕೂಡಲೇ ಅರ್ಥವಾಗುತ್ತದೆ. ತಳದಲ್ಲಿ ಕೆಂಪು ಪುಡಿ ಕೂತರೆ ತುಕ್ಕು.

ತುಕ್ಕಿನ ಕಸದ್ದು ಒಂದು ಚಾಳಿ ಇದೆ. ಗಾಡಿ ಘಾಟ್ ಹತ್ತುವಾಗ ಉಸಿರು ಕಟ್ಟಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲದ ಹಾಗೆ ಮತ್ತೆ ಚಾಲೂ. ಎಂಜಿನ್ ಎಳೆಯುವಾಗ ಕಸ ಬಂದು ಟ್ಯಾಂಕಿನೊಳಗಿನ ಕೊಳವೆಯ ಬಾಯಿ ಮುಚ್ಚುತ್ತದೆ, ನಿಂತಾಗ ಕಳಚಿ ಬೀಳುತ್ತದೆ. ಡ್ರೈವರ್ ಬಂದು “ಪಿಕಪ್ಪಿಗೆ ಪಿಕಪ್ಪೇ ಇಲ್ಲ” ಅನ್ನುತ್ತಾನೆ, ಮೆಕ್ಯಾನಿಕ್ ಎಂಜಿನ್ನಿಗೆ ಡೀಸೆಲ್ ಚಿಮುಕಿಸುವ ನಾಝಲ್ ಬಿಚ್ಚಲು ಕೂರುತ್ತಾನೆ. ದುಡ್ಡು ದಂಡ. ಮೊದಲು ಶುದ್ಧ ಡೀಸೆಲಿನ ಕ್ಯಾನ್ ಇಟ್ಟು, ಸಪ್ಲೈ ಪೈಪು (ಟ್ಯಾಂಕಿನಿಂದ ಡೀಸೆಲ್ ಒಯ್ಯುವುದು), ರಿಟರ್ನ್ ಪೈಪು (ಮಿಕ್ಕಿದ್ದನ್ನು ಟ್ಯಾಂಕಿಗೆ ವಾಪಸ್ ತರುವುದು) ಎರಡನ್ನೂ ಅದಕ್ಕೆ ಕೊಟ್ಟು ಎಂಜಿನ್ ಓಡಿಸಿ ನೋಡಬೇಕು. ಚೆನ್ನಾಗಿ ಓಡಿದರೆ ಪಂಪು, ನಾಝಲ್ ಮುಟ್ಟುವ ಕೆಲಸವೇ ಇಲ್ಲ. ಟ್ಯಾಂಕ್ ಇಳಿಸಿ ತೊಳೆಯಿರಿ, ಎರಡೂ ಪೈಪು ಊದಿ, ಫಿಲ್ಟರ್ ಹೊಸದು ಹಾಕಿ. ರಿಟರ್ನ್ ಪೈಪು ಮರೆತರೆ ಅದರಲ್ಲಿದ್ದ ಕಸ ತೊಳೆದ ಟ್ಯಾಂಕಿಗೇ ವಾಪಸ್.

‘ಪಂಪ್’ ಪದದ ಬಗ್ಗೆಯೂ ಹುಷಾರು. ಊರಲ್ಲಿ ನಾವು ಬಂಕ್ ಅನ್ನುವುದಕ್ಕೆ ಇಲ್ಲಿ ಎಲ್ಲರೂ ಪಂಪ್ ಅನ್ನುತ್ತಾರೆ. ‘ಪಂಪ್ ಪರೀಕ್ಷಿಸಿ’ ಅಂತ ಬರೆದರೆ ಯಾವ ಪಂಪು? ‘ಎಂಜಿನ್ನಿನ ಡೀಸೆಲ್ ಪಂಪ್’ ಅಂತ ಬಿಡಿಸಿ ಬರೆಯಿರಿ.

ಏರ್ ಬ್ಲೀಡಿಂಗಿಗೆ ‘ಏರ್ ತೆಗೆಯುವುದು’. ‘ಗಾಳಿ ಹಿಡಿದಿದೆ’ ಅಂತ ಬರೆದೀರಿ ಜೋಕೆ, ನಮ್ಮ ಕಡೆ ಅದಕ್ಕೆ ನಿಂಬೆಹಣ್ಣು ಇಳಿಸುತ್ತಾರೆ.

ಮಾಟುಂಗಾದಿಂದ:

ಪ್ಲಗ್, ಫಿಲ್ಟರ್, ಏರ್, ಪೈಪ್, ರಿಟರ್ನ್. ಇದು ಕನ್ನಡ ಬೋರ್ಡಲ್ಲ, ಕನ್ನಡ ಲಿಪಿಯ ಇಂಗ್ಲಿಷ್ ಬೋರ್ಡು. ‘ಶೋಧಕ’, ‘ನಿಷ್ಕಾಸನ ಬಿರಡೆ’, ‘ವಾಯು ವಿಮೋಚನೆ’. ಪದಗಳಿಲ್ಲ ಅಂತಲ್ಲ, ಬಳಸುವ ಮನಸ್ಸಿಲ್ಲ.

ಡೊಂಬಿವಲಿಯಿಂದ:

‘ವಾಯು ವಿಮೋಚನೆ’ ಓದಿ ನನ್ನ ಮಗಳು ಇನ್ನೂ ನಗುತ್ತಿದ್ದಾಳೆ.

ತಳದ ಕಸಕ್ಕೆ ‘ಗಸಿ’ ಅನ್ನುವ ಒಳ್ಳೆಯ ಕನ್ನಡ ಪದ ಇದೆ. ತುಪ್ಪ ಕಾಸಿದಾಗ ಅಡಿಯಲ್ಲಿ ಉಳಿಯುವುದು. ಅದನ್ನು ಬಳಸಿ.

ಠಾಣೆಯಿಂದ:

ಬೇಡ. ಕರಾವಳಿಯ ಡ್ರೈವರ್ ಓದಿದರೆ ಕೋಳಿ ಗಸಿ ನೆನಪಾಗಿ ಹೋಟೆಲ್ ಹುಡುಕಿಕೊಂಡು ಹೋಗುತ್ತಾನೆ.

ವಾಸ್ಕೋದಿಂದ:

ಮಾಟುಂಗಾದ ಹಿರಿಯರಿಗೆ ಒಂದು ಮಾತು. ಇಲ್ಲಿ ಗೋವಾದಲ್ಲಿ ಕೂತು ನೋಡಿದರೆ ಈ ಸಾಲದ ಜಗಳ ಸ್ವಲ್ಪ ತಮಾಷೆ ಅನ್ನಿಸುತ್ತದೆ. ನೀವು ತಿಂಗಳ ಕೊನೆಗೆ ತಗೊಂಡ ‘ಪಗಾರ’ ಪೋರ್ಚುಗೀಸ್. ಮನೆಯ ‘ಚಾವಿ’ ಪೋರ್ಚುಗೀಸ್. ಡೀಸೆಲ್ ತುಂಬಿಡುವ ‘ಪೀಪಾಯಿ’ಯೂ ಅವರದ್ದೇ, ‘ಪಿಪಾ’ ಅಂತ ಇತ್ತು. ಇವಕ್ಕೆಲ್ಲ ಯಾರೂ ಅಪ್ಪಣೆ ಕೇಳಲಿಲ್ಲ. ಮರಾಠಿಯವರು ನಮ್ಮಿಂದ ಅಕ್ಕ, ಅಣ್ಣ ಒಯ್ದಾಗಲೂ ನಾವು ರಸೀದಿ ಕೊಡಲಿಲ್ಲ. ‘ಡೀಸೆಲ್’ ಅಂತೂ ಒಬ್ಬ ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ ಜರ್ಮನ್ ಎಂಜಿನಿಯರ್, 1913ರಲ್ಲಿ ತೀರಿಹೋದ. ಅವನ ಹೆಸರನ್ನು ಹೇಗೆ ಅನುವಾದ ಮಾಡುತ್ತೀರಿ?

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ತರಕಾರಿ ತರುವ ಪಿಕಪ್ ಹುಡುಗರ ಜೊತೆ ದಿನಾ ಮಾತಾಡುತ್ತೇನೆ. ಅವರ ಬಾಯಲ್ಲಿ ‘ಡೀಸೆಲ್‌ದಾಗ ನೀರ ಬಂದೈತಿ’, ‘ಕಸ ಸಿಕ್ಕೈತಿ’, ‘ಏರ್ ತಗೀಬೇಕು’. ಇಷ್ಟೇ. ಮಳೆಗಾಲದಲ್ಲಿ ಘಾಟಿನ ನಡುವೆ ಕೆಟ್ಟು ನಿಂತವನಿಗೆ ‘ನಿಷ್ಕಾಸನ’ ಓದುವ ತಾಳ್ಮೆ ಇರುವುದಿಲ್ಲ.

ಮಾಟುಂಗಾದಿಂದ:

ಆಡುಮಾತು ಬೇರೆ, ಬರಹ ಬೇರೆ. ಎಲ್ಲವನ್ನೂ ಡ್ರೈವರ್ ಬಾಯಿಗೆ ತಕ್ಕಂತೆ ಬರೆಯುತ್ತಾ ಹೋದರೆ ಮುಂದೊಂದು ದಿನ ಬರೆಯಲು ಏನೂ ಉಳಿಯುವುದಿಲ್ಲ.

ಭೋಸರಿಯಿಂದ:

ಬೋರ್ಡ್ ಇರುವುದು ಡ್ರೈವರಿಗಾಗಿ.

ವಾಶಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಪೇಂಟರ್ ಬಂದಾಗಿದೆ. ಹೀಗೆ ಕೊಟ್ಟಿದ್ದೇನೆ:

ಡೀಸೆಲ್‌ನಲ್ಲಿ ನೀರು, ಕಸ ಸೇರಿದೆಯಾ?
ಎಂಜಿನ್ ಬಂದ್ ಮಾಡಿ. ಫಿಲ್ಟರ್ ತಳದ ಪ್ಲಗ್ ಸಡಿಲಿಸಿ ಬಾಟಲಿಗೆ ಹಿಡಿಯಿರಿ.
ಅಡಿಯಲ್ಲಿ ನೀರು ಕಂಡರೆ ಬರೀ ಡೀಸೆಲ್ ಬರುವ ತನಕ ಬಿಡಿ. ಆಮೇಲೆ ಪ್ಲಗ್ ಬಿಗಿ ಮಾಡಿ.
ಕೈ ಪಂಪ್ ಒತ್ತಿ ಏರ್ ತೆಗೆಯಿರಿ. ಗುಳ್ಳೆ ನಿಲ್ಲುವ ತನಕ ಸ್ಟಾರ್ಟ್ ಮಾಡಬೇಡಿ.
ತುಕ್ಕು ಅಥವಾ ಲೋಳೆ ಕಂಡರೆ ಗಾಡಿ ಓಡಿಸಬೇಡಿ. ಟ್ಯಾಂಕ್ ಇಳಿಸಬೇಕು, ನಮಗೆ ಹೇಳಿ.

ತೆಗೆದ ಡೀಸೆಲನ್ನು ಗಟಾರಕ್ಕೆ ಚೆಲ್ಲಬೇಡಿ ಅಂತಲೂ ಸೇರಿಸಬೇಕಿತ್ತು, ಜಾಗ ಸಾಲಲಿಲ್ಲ.

ಮಾಟುಂಗಾದಿಂದ:

‘ಸೇರಿದೆಯಾ’ ಅಲ್ಲ, ‘ಸೇರಿದೆಯೇ’.

ವಾಶಿಯಿಂದ:

‘ಯಾ’ ಬರೆದಾಯ್ತು ಸರ್. ಆಯಿಲ್ ಪೇಂಟ್.

ಪುಣೆ, ಕೋಥ್ರೂಡ್‌ನಿಂದ:

‘ಭೇಸಳ’ದ ಆಧಾರ ನಾಳೆ ಕಳಿಸುತ್ತೇನೆ. ಠಾಣೆಯವರು ಓದದೆ ತಳ್ಳಿಹಾಕಬಾರದು.