ಓಣಿಯ ಇತಿಹಾಸ ನಕ್ಷೆಗೆ ಏರಿಸೋದು ಹ್ಯಾಂಗ? (ಬೀದರ್, ಒಂಬತ್ತನೇ ತರಗತಿ)

ಪ್ರಶ್ನೆ: ಸಾಲಿ ಟೀಚರ್, ಬೀದರ್
ನಮಸ್ಕಾರ್ರಿ. ನಮ್ಮ ಹೈಸ್ಕೂಲು ಹಳೇ ಶಹರದಾಗ ಅದ. 1472ರ ಗವಾನ್ ಮದರಸಾ (ಬಹಮನಿ ಕಾಲದ ವಿದ್ಯಾಲಯ) ಪಾಠದಾಗ ಬರ್ತದ, ಮಕ್ಕಳು ಬಾಯಿಪಾಠ ಮಾಡ್ತಾರ. ಆದ್ರ ದಿನಾ ಅದರ ಮುಂದ ಹಾದು ಬರೋರು ಒಬ್ಬರೂ ತಲಿ ಎತ್ತಿ ನೋಡಂಗಿಲ್ಲ. ಅದಕ್ಕ ಗುಂಪು ಮಾಡಿ, ಕೈಯಾಗ ಮೊಬೈಲ್ ಕೊಟ್ಟು, ಶಹರದ ನಡುವಿನ ಹಳೇ ಕಾವಲು ಗೋಪುರ ಚೌಬಾರಾದಿಂದ ನಾಲ್ಕೂ ದಿಕ್ಕಿಗೆ ಕಳಿಸೀನಿ. ತಾಲೀಮು, ದರವಾಜಾ, ಬಿದರಿ ಕೆಲಸದ ಅಂಗಡಿ, ಎಲ್ಲಾ ಫೋಟೋ ತೆಗೆದು ಜಾಗ ಗುರುತು ಹಾಕ್ಲಿಕತ್ತಾರ.

ತೊಡಕು ಏನಂದ್ರ, ಒಬ್ಬ ಅಜ್ಜಿ ಒಂದು ಅಂಗಡಿ ತೋರಿಸಿ "ಇಲ್ಲಿ ಸೇದುಬಾವಿ ಇತ್ತವ್ವಾ, ಇಡೀ ಓಣಿ ಇದೇ ನೀರು ಕುಡೀತಿತ್ತು" ಅಂದ್ರು. ಈಗ ಅಲ್ಲಿ ಸಿಮೆಂಟ್ ನೆಲ. ಕಣ್ಣಿಗೆ ಕಾಣದ್ದನ್ನ ನಕ್ಷೆಯಾಗ ಹಾಕಬಹುದಾ? ಮತ್ತ, ಸಣ್ಣ ಗಲ್ಲಿಯಾಗ ಮೊಬೈಲ್‌ನ ನೀಲಿ ಚುಕ್ಕಿ ಪಕ್ಕದ ಓಣಿಗೆ ಜಿಗೀತದ.

ಉತ್ತರ: ನಕ್ಷೆ ಹವ್ಯಾಸಿ, ಕಲಬುರಗಿ
ಟೀಚರ್, ಓಪನ್‌ಸ್ಟ್ರೀಟ್‌ಮ್ಯಾಪ್‌ನಾಗ (ಯಾರು ಬೇಕಾದ್ರೂ ಸೇರಿಸಬಹುದಾದ ಮುಕ್ತ ನಕ್ಷೆ) ಇವತ್ತು ನೆಲದ ಮ್ಯಾಲ ಇರೋದನ್ನಷ್ಟೇ ಹಾಕ್ರಿ. ಹೆಸರು ಕನ್ನಡದಾಗೂ ಉರ್ದುದಾಗೂ ಬರೀಬಹುದು. ಗೂಗಲ್ ನಕ್ಷೆ ನೋಡಿ ನಕಲು ಮಾಡಂಗಿಲ್ಲ, ಇದನ್ನ ಮಕ್ಕಳಿಗೆ ಮೊದಲೇ ಹೇಳ್ರಿ. ಮುಚ್ಚಿದ ಬಾವಿಗೆ ಯುಮ್ಯಾಪ್ ಛಲೋ, ಅದು ಆ ನಕ್ಷೆಯ ಮ್ಯಾಲ ನಮ್ಮದೇ ಗುರುತು ಹಾಕೋ ಜಾಲತಾಣ. ಅದರಾಗ "ಕಂಡಿದ್ದು" ಒಂದು ಪದರ, "ಕೇಳಿದ್ದು" ಇನ್ನೊಂದು ಪದರ ಮಾಡ್ರಿ, ಬಣ್ಣ ಬ್ಯಾರೆ ಇರ್ಲಿ. ಹೇಳಿದವರ ಹೆಸರು, ಮನಿ ಗುರುತು ಹಾಕಬ್ಯಾಡ್ರಿ. "ಓಣಿಯ ಹಿರಿಯರು" ಅಂದ್ರ ಸಾಕು.

ಚುಕ್ಕಿ ಜಿಗಿಯೋದು ಸಹಜ. ಇಕ್ಕಟ್ಟಿನ ಗಲ್ಲಿಯಾಗ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರ್ತದ. ಓಣಿ ಮೂಲಿಯಿಂದ ಮನಿ ಎಣಿಸಿ, ಉಪಗ್ರಹ ಚಿತ್ರದ ಮ್ಯಾಲ ಕೈಯಿಂದಲೇ ಗುರುತು ಹಾಕಿಸ್ರಿ.

ಉತ್ತರ: ಮಂಗಲಪೇಟದವ
ಮೇಡಂ, ಬಾವಿ ತನಕ ಬಂದೀರಿ ಅಂದ್ರ ಬೀದರ್ ಹತ್ತಿರದ ನೌಬಾದದ ಸುರಂಗ ಬಾವಿ, ಅದೇ ಕಾರೇಜ್, ಬಿಡಬ್ಯಾಡ್ರಿ. ನೆಲದೊಳಗ ಇಳಿಜಾರಿನ ಕಾಲುವೆ, ಮ್ಯಾಲ ಸಾಲಾಗಿ ಬಾವಿಯಂಥ ಬಾಯಿಗಳು. ಪಂಪಿಲ್ಲ, ರಾಟಿಯಿಲ್ಲ, ನೀರು ತಾನೇ ಹರೀತದ. ಆ ಬಾಯಿಗಳನ್ನ ಒಂದೊಂದಾಗಿ ಗುರುತು ಹಾಕಿ ಗೆರೆ ಎಳೀಲಿ, ನೀರಿನ ದಾರಿ ಮಕ್ಕಳ ಕಣ್ಣೆದುರೇ ಮೂಡ್ತದ. ದಂಡಿಗೆ ಮಾತ್ರ ಹೋಗಗೊಡಬ್ಯಾಡ್ರಿ, ಒಳಗ ಇಳಿಯೋ ಮಾತೇ ಬ್ಯಾಡ.

ಮದರಸಾದಾಗ ಉಳಿದ ಮಿನಾರಿನ ನೀಲಿ ಹೆಂಚು ಹತ್ತಿರದಿಂದ ತೋರಿಸ್ರಿ. ಆಮ್ಯಾಲ ಹಿಂದಕ ಸಿಡಿಮದ್ದು ಸಿಡಿದು ಬಿದ್ದುಹೋದ ಭಾಗದ ಅಳತಿ ಹಿಡಿಸ್ರಿ. ಇಲ್ಲದ್ದನ್ನ ನಕ್ಷೆಗೆ ತರೋ ಪಾಠ ಅಲ್ಲೇ ಸಿಗ್ತದ.

ಸಾಲಿ ಟೀಚರ್, ಬೀದರ್
ಇಬ್ಬರಿಗೂ ಶರಣ್ರಿ. ಎರಡು ಪದರದ ಮಾತು ಮನಸ್ಸಿಗೆ ಬಂತು. ಅಜ್ಜಿ ಹೇಳಿದ್ದನ್ನ "ಪುರಾವೆ ಇಲ್ಲ" ಅಂತ ಬಿಟ್ಟುಬಿಡೋದು ನನಗ ಸೇರಿರಲಿಲ್ಲ. ಅದೇ ಬಾವಿ ಬಗ್ಗೆ ಬ್ಯಾರೆ ಮನಿಯವರನ್ನೂ ಕೇಳಿ ಬರ್ರಿ ಅಂತ ಹುಡುಗೇರಿಗೆ ಹೇಳ್ತೀನಿ. ನೌಬಾದಕ್ಕ ಪಾಲಕರ ಒಪ್ಪಿಗಿ ತಗೊಂಡೇ ಹೋಗ್ತೀವಿ. ಇನ್ನೊಂದು ಸಹಾಯ: ಕಲ್ಲಿನ ಮ್ಯಾಲಿನ ಫಾರಸಿ ಓದಿ ಮಕ್ಕಳಿಗೆ ಅರ್ಥ ಹೇಳೋರು ಬೀದರ್‌ನಾಗ ಯಾರರೆ ಇದ್ರ ಇಲ್ಲೇ ತಿಳಸ್ರಿ.