ಊರೊಳಗಿನ ಮುಖ್ಯರಸ್ತೆಗೆ ಹೊಸ ಡಾಂಬರು: ಏನೇನು ಕೇಳಿ ಮಾಡಿಸಿಕೊಳ್ಳಬೇಕು?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯೆ, ಮಂಡ್ಯ ಜಿಲ್ಲೆ)

ನಮಸ್ಕಾರ ಸರ್. ನಮ್ಮ ಊರಿನ ನಡುವೆ ಜಿಲ್ಲಾ ಮುಖ್ಯರಸ್ತೆ ಹಾದು ಹೋಗುತ್ತದೆ. ಒಂದು ಕಡೆ ಸರ್ಕಾರಿ ಶಾಲೆ, ಇನ್ನೊಂದು ಕಡೆ ಡೇರಿ, ಸೊಸೈಟಿ, ಬಸ್ ಸ್ಟಾಪು. ವಾರಕ್ಕೊಮ್ಮೆ ಸಂತೆ ರಸ್ತೆ ಪಕ್ಕದಲ್ಲೇ ಕೂರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರಾಕ್ಟರ್‌ಗಳ ಸಾಲು. ಈಗ ರಸ್ತೆ ಪೂರ್ತಿ ಗುಂಡಿ ಬಿದ್ದಿದೆ. ಹೊಸ ಡಾಂಬರು ಹಾಕಲು ಹಣ ಮಂಜೂರಾಗಿದೆಯಂತೆ. ಎಲ್ಲರಿಗೂ ಖುಷಿ. ನನಗೆ ಮಾತ್ರ ಭಯ. ಹಿಂದಿನ ಸಲ ಡಾಂಬರು ಹಾಕಿದ ಮೇಲೆ ಗಾಡಿಗಳ ವೇಗ ಜಾಸ್ತಿಯಾಯಿತು. ಶಾಲೆ ಎದುರು ಒಂದು ಮಗುವಿಗೆ ಬೈಕ್ ಬಡಿದು ಕಾಲು ಮುರಿಯಿತು. ರಸ್ತೆ ಎತ್ತರವಾಗಿದ್ದರಿಂದ ಮಳೆ ನೀರು ಮನೆಗಳಿಗೆ ನುಗ್ಗಿತು. ಈ ಸಲ ಕೆಲಸ ಶುರುವಾಗುವ ಮೊದಲೇ ನಾವು ಏನು ಕೇಳಬೇಕು?

ಉತ್ತರ (ನಿವೃತ್ತ ಸಹಾಯಕ ಕಾರ್ಯಪಾಲಕ ಇಂಜಿನಿಯರ್)

ಮೇಡಂ, ಕೆಲಸಕ್ಕೆ ಮೊದಲೇ ಕೇಳುತ್ತಿದ್ದೀರಿ, ಅದು ಬಹಳ ಒಳ್ಳೆಯದು. ರೋಲರ್ ಓಡಾಡಿದ ಮೇಲೆ ಬದಲಾಯಿಸಲು ಏನೂ ಉಳಿದಿರುವುದಿಲ್ಲ.

ನನ್ನ ಮಾತು ಒಂದೇ. ಡಾಂಬರು ಕೊನೆಯ ಕೆಲಸ. ಮೊದಲು ನೀರು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡಿ. ಆಮೇಲೆ ಜನ ಎಲ್ಲಿ ನಡೆಯಬೇಕು, ಎಲ್ಲಿ ದಾಟಬೇಕು ಅಂತ ನೋಡಿ. ಅದಾದ ಮೇಲೆ ಗಾಡಿಗಳು ಎಷ್ಟು ವೇಗದಲ್ಲಿ ಹೋಗಬೇಕು ಅನ್ನುವುದು. ಇಷ್ಟು ಆಗದೆ ನುಣ್ಣಗೆ ಡಾಂಬರು ಹಾಕಿದರೆ ಗುಂಡಿ ಹೋಗುತ್ತದೆ, ಅಪಾಯ ಬರುತ್ತದೆ. ಗುಂಡಿ ಇದ್ದಾಗ ನಿಧಾನ ಹೋಗುತ್ತಿದ್ದವರೇ ಮಾರನೇ ದಿನ 60ರಲ್ಲಿ ಹೋಗುತ್ತಾರೆ. ನೀವು ಹೇಳಿದ ಮಗುವಿನ ವಿಷಯದಲ್ಲಿ ಆಗಿದ್ದೂ ಇದೇ ಇರಬೇಕು.

ವೇಗದ ಲೆಕ್ಕ ಹೇಳುತ್ತೇನೆ, ಗ್ರಾಮಸಭೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಗಂಟೆಗೆ 30 ಕಿ.ಮೀ. ಹೋಗುವ ಗಾಡಿ ಒಂದು ಸೆಕೆಂಡಿಗೆ 8 ಮೀಟರ್ ಚಿಲ್ಲರೆ ಮುಂದೆ ಹೋಗುತ್ತದೆ. ಮಗು ಅಡ್ಡ ಬಂದದ್ದು ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಆ ಒಂದು ಸೆಕೆಂಡ್ ಕಳೆದಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ಒಟ್ಟು 13 ಮೀಟರ್ ಸುಮಾರಿಗೆ ನಿಲ್ಲುತ್ತದೆ. ಅದೇ ಗಾಡಿ 60ರಲ್ಲಿದ್ದರೆ 37 ಮೀಟರ್ ಬೇಕು. ವೇಗ ಎರಡರಷ್ಟಾದರೆ ಬಡಿತದ ಶಕ್ತಿ ನಾಲ್ಕರಷ್ಟಾಗುತ್ತದೆ. ಹಾಗಾಗಿ ಊರೊಳಗೆ 30 ಅನ್ನುವುದು ಸುಮ್ನೆ ಬೋರ್ಡಿನ ಮೇಲೆ ಬರೆಯುವ ಅಂಕಿ ಅಲ್ಲ. ರಸ್ತೆಯ ಆಕಾರವೇ ಡ್ರೈವರ್‌ಗೆ ಅದನ್ನು ಹೇಳಬೇಕು.

ಆಕಾರ ಹೇಗೆ ಬದಲಾಗಬೇಕು? ಊರು ಶುರುವಾಗುವ ಜಾಗದಲ್ಲೇ ಬದಲಾವಣೆ ಕಣ್ಣಿಗೆ ಕಾಣಬೇಕು. ಊರಿನ ಹೆಸರಿನ ದೊಡ್ಡ ಬೋರ್ಡು, 30ರ ಕೆಂಪು ವೃತ್ತ, ಟೈರಿಗೆ ಗರಗರ ಸದ್ದು ಬರುವ ದಪ್ಪ ಬಿಳಿ ಪಟ್ಟಿಗಳು, ಎರಡೂ ಕಡೆ ಅಂಚುಕಲ್ಲು. ಬಯಲಿನಲ್ಲಿ ಬಂದ ವೇಗ ಅಲ್ಲೇ ಇಳಿಯಬೇಕು. ಸದ್ದಿನ ಪಟ್ಟಿಗಳನ್ನು ಮನೆಗಳಿಂದ ಸ್ವಲ್ಪ ದೂರ ಇಡಿಸಿ, ಇಲ್ಲದಿದ್ದರೆ ರಾತ್ರಿ ಪಕ್ಕದ ಮನೆಯವರಿಗೆ ನಿದ್ದೆ ಇರುವುದಿಲ್ಲ. ಆಮೇಲೆ ಅವರೇ ಅದನ್ನು ಕಿತ್ತು ಹಾಕಿಸುತ್ತಾರೆ.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ರಸ್ತೆಗಳನ್ನು ಕೊಲ್ಲುವುದು ಲಾರಿಗಿಂತ ನೀರು. ಹಳೆಯ ಡಾಂಬರಿನ ಮೇಲೆ ಹೊಸದನ್ನು ಹಾಕುತ್ತಾ ಹೋದರೆ ಪ್ರತಿ ಸಲ ರಸ್ತೆ ಮೇಲೇರುತ್ತದೆ, ಮನೆಯ ಹೊಸಲು ಕೆಳಗೆ ಉಳಿಯುತ್ತದೆ. ಆದ್ದರಿಂದ ಹಳೆಯ ಪದರವನ್ನು ಮಿಲ್ಲಿಂಗ್ ಯಂತ್ರದಿಂದ ಕೆರೆದು ತೆಗೆದು, ಆಮೇಲೆ ಹೊಸದು ಹಾಕಬೇಕು ಅಂತ ಎಸ್ಟಿಮೇಟ್‌ನಲ್ಲೇ (ಇಲಾಖೆಯ ಕೆಲಸ, ಖರ್ಚಿನ ಅಂದಾಜು ಪಟ್ಟಿ) ಬರೆಸಿ. ರಸ್ತೆಯ ಕೊನೆಯ ಮಟ್ಟ ಹೊಸಲುಗಳಿಗಿಂತ ಕೆಳಗಿರಬೇಕು. ಈ ಒಂದು ಸಾಲು ಎಸ್ಟಿಮೇಟ್‌ನಲ್ಲಿ ಇಲ್ಲದಿದ್ದರೆ ಸ್ಥಳದಲ್ಲಿ ಯಾರು ಎಷ್ಟು ಜಗಳ ಆಡಿದರೂ ಉಪಯೋಗ ಇಲ್ಲ.

ರಸ್ತೆ ಮಧ್ಯದಿಂದ ಎರಡೂ ಅಂಚಿಗೆ ಇಳಿಜಾರು ಇರಬೇಕು. ಮಳೆ ಜಾಸ್ತಿ ಇರುವ ಕಡೆ ಡಾಂಬರು ರಸ್ತೆಗೆ 2.5 ಶೇಕಡಾ. ಅಂದರೆ 7 ಮೀಟರ್ ಅಗಲದ ರಸ್ತೆಯಲ್ಲಿ ನಡುಭಾಗ ಅಂಚಿಗಿಂತ ಸುಮಾರು 9 ಸೆಂಟಿಮೀಟರ್ ಎತ್ತರ. ಒಂದು ದಾರ, ಒಂದು ಟೇಪು ಇದ್ದರೆ ನೀವೇ ಅಳೆಯಬಹುದು. ಅಂಚಿಗೆ ಬಂದ ನೀರು ಚರಂಡಿಗೆ ಇಳಿಯಲು ಅಲ್ಲಲ್ಲಿ ಕಿಂಡಿ ಬೇಕು. ಎಷ್ಟೋ ಊರುಗಳಲ್ಲಿ ಚರಂಡಿಯ ಗೋಡೆಯೇ ರಸ್ತೆಗಿಂತ ಎತ್ತರ ಇರುತ್ತದೆ. ಚರಂಡಿ ಖಾಲಿ, ರಸ್ತೆ ಕೆರೆ! ಮತ್ತೆ ಚರಂಡಿ ಎಲ್ಲಿ ಕೊನೆಯಾಗುತ್ತದೆ ಅಂತ ಕೊನೆಯವರೆಗೂ ನಡೆದು ನೋಡಿ. ಮೋರಿ ಹೂಳು ತುಂಬಿದ್ದರೆ ಮೇಲಿನ ಕೆಲಸ ಎಲ್ಲಾ ವ್ಯರ್ಥ.

ಆ ಚರಂಡಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿದರೆ ಅದೇ ಫುಟ್‌ಪಾತ್. ನಡೆಯಲು ಅಡ್ಡಿ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು ಅನ್ನುತ್ತದೆ ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ. ಎರಡು ಗಾಲಿಕುರ್ಚಿ ಎದುರುಬದುರು ಹೋಗುವಷ್ಟು. ಚಪ್ಪಡಿ ಎತ್ತಲು ಬರುವಂತಿರಬೇಕು, ಹೂಳು ತೆಗೆಯಬೇಕಲ್ವಾ? ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ದಾಟಬಾರದು. ಜಾಸ್ತಿ ಎತ್ತರ ಆದರೆ ವಯಸ್ಸಾದವರು ಹತ್ತುವುದೇ ಇಲ್ಲ, ರಸ್ತೆಯಲ್ಲೇ ನಡೆಯುತ್ತಾರೆ.

ಪ್ರಶ್ನೆ (ಅದೇ ಊರಿನ ಹೋಟೆಲ್ ಮಾಲೀಕರು)

ಸರ್, ರಸ್ತೆ ಅಗಲ ಮಾಡಿದರೆ ಇದೆಲ್ಲಾ ತಾನಾಗೇ ಸರಿಹೋಗಲ್ವಾ? ಎರಡು ಬಸ್ ಎದುರುಬದುರಾದರೆ ಅರ್ಧ ಗಂಟೆ ಜಾಮ್. ನೀವು ನೋಡಿದರೆ ಫುಟ್‌ಪಾತ್ ಮಾಡಿ ಅಂತೀರಿ. ನಮ್ಮ ಅಂಗಡಿಗಳ ಗತಿ ಏನು?

ಉತ್ತರ

ಯಜಮಾನ್ರೇ, ನಿಮ್ಮ ಚಿಂತೆ ನ್ಯಾಯವಾದದ್ದೇ. ಆದರೆ ಲೆಕ್ಕ ನೋಡಿ. ನಮ್ಮ ದೇಶದ ನಿಯಮದಲ್ಲಿ ಬಸ್ಸಿನ ಅಗಲ 2.6 ಮೀಟರ್ ಮೀರುವಂತಿಲ್ಲ. ಎರಡು ಬಸ್ ಸೇರಿ 5.2. ಡಾಂಬರು 7 ಮೀಟರ್ ಇದ್ದರೆ ಇನ್ನೂ 1.8 ಮೀಟರ್ ಉಳಿಯುತ್ತದೆ. ಬಸ್ ಸಿಕ್ಕಿಹಾಕಿಕೊಳ್ಳುವುದು ರಸ್ತೆ ಕಿರಿದು ಅಂತ ಅಲ್ಲ, ಎರಡೂ ಕಡೆ ಗಾಡಿ ನಿಂತಿರುತ್ತದೆ ಅಂತ. ಅಗಲ ಮಾಡಿದರೆ ಆ ಜಾಗಕ್ಕೂ ಗಾಡಿ ಬಂದು ನಿಲ್ಲುತ್ತದೆ. ಸಂಜೆ ಹೊತ್ತು ಖಾಲಿ ಇದ್ದಾಗ ಅದೇ ಅಗಲದಲ್ಲಿ ಕಾರುಗಳು ಹಾರಿಸಿಕೊಂಡು ಹೋಗುತ್ತವೆ. ಅದಕ್ಕಾಗಿ ಮರ, ಜಗಲಿ ಎಲ್ಲಾ ಕಳೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ಅದರ ಬದಲು ಬೈಕ್ ನಿಲ್ಲಿಸಲು ಜಾಗ ಗುರುತು ಮಾಡಿಸಿ. ಸಂತೆಗೆ, ಹೂವಿನವರಿಗೆ, ತಳ್ಳುಗಾಡಿಯವರಿಗೆ ಫುಟ್‌ಪಾತಿನ ಹಿಂದೆ ಜಾಗ ಬಿಡಿಸಿ. ಅವರಿಗೆ ಜಾಗ ಕೊಡದೆ ಫುಟ್‌ಪಾತ್ ಕಟ್ಟಿದರೆ ಅವರು ಅದರ ಮೇಲೇ ಕೂರುತ್ತಾರೆ. ಅದು ಅವರ ತಪ್ಪಲ್ಲ, ನಮ್ಮ ನಕ್ಷೆಯ ತಪ್ಪು. ಬೆಂಗಳೂರಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಟೆಂಡರ್‌ಶೂರ್ ಯೋಜನೆಯಲ್ಲಿ ಮರುರೂಪಿಸಿದಾಗ ಗಾಡಿ ಓಡುವ ಪಟ್ಟಿಯನ್ನು ಒಂದೇ ಅಗಲಕ್ಕೆ ತಂದು ಫುಟ್‌ಪಾತ್ ದೊಡ್ಡದು ಮಾಡಿದರು. ಪೈಪು, ಕೇಬಲ್ ಎಲ್ಲಾ ಫುಟ್‌ಪಾತಿನ ಕೆಳಗೆ ಹೋದವು. ಅಷ್ಟು ಹಣ ಹಳ್ಳಿಗೆ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಮೊದಲು ಪೈಪು, ಆಮೇಲೆ ರಸ್ತೆ ಅನ್ನುವ ಕ್ರಮ ನಮಗೂ ಬೇಕು. ಜಲ ಜೀವನ್ ಮಿಷನ್‌ನ ನಲ್ಲಿ ಪೈಪು ನಿಮ್ಮ ಊರಲ್ಲಿ ಪೂರ್ತಿ ಆಗಿದೆಯಾ? ಇಲ್ಲದಿದ್ದರೆ ರಸ್ತೆ ದಾಟುವ ಕಡೆಗಳಲ್ಲಿ ಈಗಲೇ ಅಡ್ಡ ಪೈಪು ಹೂತಿಡಿಸಿ. ಹೊಸ ಡಾಂಬರನ್ನು ಒಮ್ಮೆ ಅಗೆದರೆ ಎಷ್ಟೇ ಮುಚ್ಚಿದರೂ ಆ ಗೀರಿನಲ್ಲೇ ಮುಂದಿನ ಗುಂಡಿ ಶುರುವಾಗುತ್ತದೆ.

ಪ್ರಶ್ನೆ (ಶಾಲೆಯ ಶಿಕ್ಷಕರು)

ಶಾಲೆ ಮುಂದೆ ಹಂಪ್ಸ್ ಹಾಕಿಸಿದರೆ ಸಾಕಲ್ವಾ ಸರ್? ಊರಿನ ಹುಡುಗರು ಸಿಮೆಂಟ್ ತಂದು ತಾವೇ ಹಾಕುತ್ತೇವೆ ಅನ್ನುತ್ತಿದ್ದಾರೆ.

ಉತ್ತರ

ದಯವಿಟ್ಟು ಬೇಡ ಮೇಷ್ಟ್ರೇ. ಆ ಹುಡುಗರ ಕಾಳಜಿ ದೊಡ್ಡದು, ಆದರೆ ಒಂದು ಅಡಿ ಅಗಲಕ್ಕೆ ಗೋಡೆಯ ಹಾಗೆ ಕಟ್ಟಿದ ಹಂಪ್ಸ್ ಜನರನ್ನು ಬೀಳಿಸುತ್ತದೆ. ಬೈಕಿನ ಹಿಂದೆ ಮಗು ಹಿಡಿದುಕೊಂಡು ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸರು ಮೊದಲು ಬೀಳುತ್ತಾರೆ. ಗರ್ಭಿಣಿಯನ್ನು ಕರೆದೊಯ್ಯುವ ಆಂಬುಲೆನ್ಸ್ ಕೂಡ ಅದರ ಮೇಲೇ ಹೋಗಬೇಕು.

ರೋಡ್ಸ್ ಕಾಂಗ್ರೆಸ್‌ನ ಅಳತೆ ಬೇರೆಯೇ ಇದೆ. ಎತ್ತರ 10 ಸೆಂಟಿಮೀಟರ್, ಗಾಡಿ ಹೋಗುವ ದಿಕ್ಕಿನಲ್ಲಿ ಉದ್ದ 3.7 ಮೀಟರ್, ಮೇಲ್ಭಾಗ ನಿಧಾನವಾಗಿ ಬಾಗಿದ್ದು. ಅದರ ಮೇಲೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ಹೋಗಬಹುದು, ಜೋರಾಗಿ ಹೋದರೆ ಮಾತ್ರ ಎಸೆಯುತ್ತದೆ. 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡು ಬೇಕು, ಮೇಲೆ ಬಣ್ಣದ ಪಟ್ಟಿ ಬೇಕು. ಅಳತೆ ನಾನು ಹೇಳಿದೆ ಅಂತ ನೀವೇ ಕಟ್ಟಬೇಡಿ. ಅದು ರಸ್ತೆಯ ಒಡೆಯರಾದ ಇಲಾಖೆಯೇ ಮಾಡಬೇಕಾದ ಕೆಲಸ.

ಶಾಲೆ ಮುಂದೆ ನನಗೆ ಇನ್ನೂ ಇಷ್ಟವಾದದ್ದು ಎತ್ತರಿಸಿದ ಜೀಬ್ರಾ. ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಏರಿಸಿ, ಮೇಲೆ ಚಪ್ಪಟೆ ಮಾಡಿ, ಎರಡೂ ಕಡೆ ಇಳಿಜಾರು ಕೊಡುವುದು. ಮಗು ಇಳಿಯದೆ, ಹತ್ತದೆ ದಾಟುತ್ತದೆ. ಡ್ರೈವರ್‌ಗೆ ಮಗು ಎತ್ತರದಲ್ಲಿ ಕಾಣುತ್ತದೆ. ಅಲ್ಲಿಗೆ ಮುಂಚೆ 15–20 ಮೀಟರ್ ಜಾಗದಲ್ಲಿ ಯಾವ ಗಾಡಿಯೂ ನಿಲ್ಲದಂತೆ ಮಾಡಬೇಕು. ನಿಂತ ಟೆಂಪೋ ಹಿಂದಿನಿಂದ ಓಡಿ ಬರುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಬಸ್ ಸ್ಟಾಪನ್ನೂ ಜೀಬ್ರಾ ದಾಟಿದ ಮೇಲೆ ಇಡಿಸಿ. ಆಗ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಮುಂದಿನಿಂದ ಅಲ್ಲ.

ಪ್ರಶ್ನೆ (ರೈತರು)

ಹುರುಳಿ, ರಾಗಿ ಒಕ್ಕಣೆ ನಾವು ರಸ್ತೆ ಮೇಲೇ ಮಾಡೋದು. ಕಣ ಮಾಡುವ ಜಾಗ ಈಗ ಯಾರ ಹತ್ತಿರ ಇದೆ ಸರ್?

ಉತ್ತರ

ನಿಮ್ಮ ಕಷ್ಟ ಗೊತ್ತು. ಆದರೆ ಹುಲ್ಲಿನ ಮೇಲೆ ಬೈಕ್ ಜಾರುತ್ತದೆ. ಕಾರಿನ ಕೆಳಗೆ ಹುಲ್ಲು ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಗುಲಿ ಬೆಂಕಿ ಹತ್ತುತ್ತದೆ. ಬೇಡ ಅಂತ ಗದರಿಸಿದರೆ ನಿಲ್ಲುವುದಿಲ್ಲ. ಪಂಚಾಯಿತಿ ಜಾಗದಲ್ಲಿ ಎಲ್ಲರಿಗೂ ಸೇರಿದ ಕಾಂಕ್ರೀಟ್ ಕಣ ಕೇಳಿ. ರಸ್ತೆಯ ಅರ್ಜಿ ಜೊತೆಗೇ ಅದನ್ನೂ ಕೊಡಿ.

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯೆ)

ಸರ್, ಇದನ್ನೆಲ್ಲಾ ಯಾರ ಹತ್ತಿರ ಕೇಳಬೇಕು? ಪಂಚಾಯಿತಿಯಿಂದ ಮಾಡಿಸಬಹುದಾ? ಕೆಲಸ ನಡೆಯುವಾಗ ನಾವು ಏನು ನೋಡಬೇಕು? ಇಂಜಿನಿಯರಿಂಗ್ ಗೊತ್ತಿಲ್ಲದವರು ನಾವು.

ಉತ್ತರ

ಜಿಲ್ಲಾ ಮುಖ್ಯರಸ್ತೆ, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ಹಳ್ಳಿಯ ಒಳರಸ್ತೆಗಳು ಪಂಚಾಯತ್ ರಾಜ್ ಕಡೆಗೆ. ಹಾಗಾಗಿ ಗ್ರಾಮಸಭೆಯಲ್ಲಿ ಠರಾವು ಮಾಡಿ, ಅದರ ಪ್ರತಿಯನ್ನು ತಾಲ್ಲೂಕಿನ ಲೋಕೋಪಯೋಗಿ ಉಪವಿಭಾಗಕ್ಕೆ ಕೊಡಿ. ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಹೋಗಲಿ. ಅಲ್ಲಿ ಪೊಲೀಸರು, ಆರ್‌ಟಿಒ ಎಲ್ಲರೂ ಇರುತ್ತಾರೆ. ವೇಗದ ಮಿತಿಗೆ ಅಧಿಸೂಚನೆ ಬೇಕು. ಅದಿಲ್ಲದೆ ಬೋರ್ಡು ಮಾತ್ರ ನೆಟ್ಟರೆ ದಂಡ ಹಾಕಲು ಬರುವುದಿಲ್ಲ.

ಎಸ್ಟಿಮೇಟ್ ಪ್ರತಿ ಮೊದಲು ಬಾಯಿಮಾತಿನಲ್ಲೇ ಕೇಳಿ, ಕೊಡುವವರು ಇದ್ದಾರೆ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ 198ಎ ಅಂತ ಒಂದು ಸೆಕ್ಷನ್ ಬಂದಿದೆ. ಸುರಕ್ಷತೆಯ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ರಸ್ತೆ ಮಾಡಿದವರಿಗೆ, ವಿನ್ಯಾಸ ಮಾಡಿದವರಿಗೆ, ನೋಡಿಕೊಳ್ಳುವವರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಬೆದರಿಸಲು ಅಲ್ಲ, ಮಾನದಂಡ ಕೇಳುವುದು ನಿಮ್ಮ ಹಕ್ಕು ಅಂತ ತಿಳಿಸಲು ಹೇಳಿದೆ. ನಮ್ಮ ರಾಜ್ಯದಲ್ಲೇ ಬೆಳಗಾವಿ–ಯರಗಟ್ಟಿ ಹೆದ್ದಾರಿಯಲ್ಲಿ ರಸ್ತೆ ತಿದ್ದುವುದು, ಪೊಲೀಸ್ ನಿಗಾ, ಅಪಘಾತದ ನಂತರದ ಚಿಕಿತ್ಸೆ ಮೂರನ್ನೂ ಒಟ್ಟಿಗೆ ಮಾಡಿದಾಗ ಸಾವುಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಆ ಉದಾಹರಣೆ ಸಮಿತಿಯವರಿಗೆ ಹೇಳಿ.

ಕೆಲಸದ ದಿನ ನೋಡಬೇಕಾದ್ದು ಕಷ್ಟದ್ದೇನಲ್ಲ. ಡಾಂಬರು ಹಾಕುವ ಮೊದಲು ಮೇಲ್ಮೈ ಧೂಳಿಲ್ಲದೆ ಗುಡಿಸಿರಬೇಕು. ಅದರ ಮೇಲೆ ಹೊಸ ಪದರ ಹಿಡಿದುಕೊಳ್ಳಲು ಸಿಂಪಡಿಸುವ ಅಂಟು ಪದರ ತೆಳ್ಳಗೆ, ಎಲ್ಲಾ ಕಡೆ ಸಮನಾಗಿ ಬೀಳಬೇಕು. ಅಲ್ಲಲ್ಲಿ ಚಿಮುಕಿಸಿದರೆ ಹೊಸ ಪದರ ಸಿಪ್ಪೆ ಎದ್ದು ಬರುತ್ತದೆ. ಬಿಸಿ ಮಿಶ್ರಣದ ಲಾರಿಗೆ ಟಾರ್ಪಾಲು ಹೊದಿಸಿರಬೇಕು. ನಮ್ಮ ಕಡೆ ಬಳಸುವ ವಿಜಿ-30 ಅನ್ನುವ ದರ್ಜೆಯ ಡಾಂಬರಾದರೆ ಹಾಸುವಾಗ ಕನಿಷ್ಠ 140 ಡಿಗ್ರಿ ಇರಬೇಕು, 90ಕ್ಕೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು. ಥರ್ಮಾಮೀಟರ್ ಸ್ಥಳದಲ್ಲೇ ಇರುತ್ತದೆ, ತೋರಿಸಿ ಅಂತ ಕೇಳಿ. ರೋಲರ್ ಅಂಚಿನಿಂದ ನಡುವಿಗೆ ಬರಬೇಕು. ಮಳೆ ಬಂದರೆ, ನೀರು ನಿಂತಿದ್ದರೆ ಆ ದಿನ ಕೆಲಸ ನಿಲ್ಲಲಿ. ಯಾರು ಎಷ್ಟೇ ಅವಸರ ಮಾಡಿದರೂ ಇದಕ್ಕೆ ಒಪ್ಪಬೇಡಿ.

ಫುಟ್‌ಪಾತ್ ಇಲ್ಲದ ಕಡೆ ಡಾಂಬರಿನ ಅಂಚು ಮತ್ತು ಪಕ್ಕದ ಮಣ್ಣು ಒಂದೇ ಮಟ್ಟದಲ್ಲಿರಬೇಕು. ಅಲ್ಲಿ ಮೆಟ್ಟಿಲಿನಂತೆ ಬಿಟ್ಟರೆ ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಬೈಕಿನವರು ಮೇಲೆ ಹತ್ತುವಾಗ ಬೀಳುತ್ತಾರೆ. ಗ್ರಾವೆಲ್ ತುಂಬಿ ರೋಲರ್ ಹೊಡೆಸುವುದು ಅದೇ ಕೆಲಸದ ಭಾಗ. ಬಿಳಿ ಪಟ್ಟಿ, ಜೀಬ್ರಾ, ರಸ್ತೆಗೆ ಕೂರಿಸುವ, ರಾತ್ರಿ ದೀಪದ ಬೆಳಕಿಗೆ ಹೊಳೆಯುವ ಕಣ್ಣುಗಳು, ದಾಟುವ ಜಾಗದಲ್ಲಿ ಬೀದಿದೀಪ, ಇವು ಆದ ಮೇಲೆಯೇ ಕೆಲಸ ಮುಗಿಯಿತು ಅನ್ನಿ. ಡಾಂಬರು ಹಾಕಿ ಬಣ್ಣ ಮುಂದಿನ ತಿಂಗಳು ಅಂದರೆ ಆ ನಡುವಿನ ದಿನಗಳೇ ಎಲ್ಲಕ್ಕಿಂತ ಅಪಾಯದವು. ಆ ದಿನಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ದೊಡ್ಡವರು ಯಾರಾದರೂ ಅಲ್ಲಿ ನಿಂತಿರಿ.

ಎಸ್ಟಿಮೇಟ್ ಪ್ರತಿ ಸಿಕ್ಕಿದ ಮೇಲೆ ಇಲ್ಲೇ ಗ್ರೂಪಿಗೆ ಹಾಕಿ ಮೇಡಂ. ಯಾವ ಸಾಲು ಬಿಟ್ಟುಹೋಗಿದೆ ಅಂತ ನೋಡಿ ಹೇಳುತ್ತೇನೆ.